ಹಾರನ್ನಿಗೆ ಇಳಿಯುವವರು

ಮೊನ್ನೆ ಹುಮನಾಬಾದಿನ ಚೌಕದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಬೆನ್ನ ಹಿಂದೆ ಒಂದು ಲಾರಿ ಹಾರನ್ ಹೊಡೆಯಿತು. ಇದರಲ್ಲಿ ವಿಶೇಷವೇನಿಲ್ಲ, ಆ ಚೌಕದಲ್ಲಿ ಹಾರನ್ ಹೊಡೆಯದ ಲಾರಿ ಎಂದರೆ ಕೆಟ್ಟು ನಿಂತ ಲಾರಿ. ವಿಶೇಷ ನನ್ನ ಎಡಗಾಲಿನದು. ಸೈಕಲ್ ಬಿಟ್ಟು ಎಷ್ಟೋ ಕಾಲವಾದ ಈ ಮುದುಕನ ಎಡಗಾಲು ನನ್ನನ್ನು ಕೇಳದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಗಟಾರದ ಅಂಚಿನಲ್ಲಿ ನೆಟ್ಟಗೆ ನಿಂತುಕೊಂಡಿತು. ಬಲಗೈ ಹಣೆಯ ಕಡೆ ಅರ್ಧ ಏರಿತು. ಅದರಲ್ಲಿ ಚಹಾದ ಕಪ್ಪು ಇದ್ದುದರಿಂದ ಅಂಗಿಯೆಲ್ಲ ತೋಯಿತು. ಅಂಗಡಿಯವನು ನಕ್ಕ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅದೂ ಹೊಸ ಸಿಟ್ಟಲ್ಲ. ೧೯೪೯ರ ಮಳೆಗಾಲದ್ದು, ಇನ್ನೂ ಹಸಿಯಾಗಿಯೇ ಇದೆ.

ಆ ವರ್ಷ ನಾನು ರಾಜೇಶ್ವರದಲ್ಲಿ ಮನೆ ಮಾಡಿಕೊಂಡು ಹುಮನಾಬಾದಿನ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ಕಲ್ಯಾಣಿಗೂ ಹುಮನಾಬಾದಿಗೂ ನಡುವೆ, ದಾರಿಯ ಮೇಲೆಯೇ ನಮ್ಮ ರಾಜೇಶ್ವರ. ನಿಜಾಮರ ರಾಜ್ಯ ಹೋಗಿ ಒಂದು ವರ್ಷವಾಗಿತ್ತು. ಉರ್ದುವಿನಲ್ಲಿ ಕಲಿತ ಗಣಿತವನ್ನು ಕನ್ನಡದಲ್ಲಿ ಕಲಿಸಿರಿ ಎಂದು ನಮಗೆ ಹುಕುಂ ಆಗಿತ್ತು. ಹುಡುಗರಿಗೂ ನನಗೂ ಕೂಡುವುದು ಕಳೆಯುವುದು ಎರಡೂ ಹೊಸದಾಗಿ ಗೊತ್ತಾಗುತ್ತಿದ್ದ ಕಾಲ ಅದು. ಆದರೆ ನಾನು ಹೇಳಹೊರಟಿದ್ದು ಶಾಲೆಯ ಮಾತಲ್ಲ, ಶಾಲೆಗೆ ಹೋಗುವ ದಾರಿಯ ಮಾತು.

ಹೈದರಾಬಾದಿನಿಂದ ಮುಂಬಯಿಯ ಕಡೆ ಹೋಗುವ ಆ ಘನವಾದ ರಾಜಮಾರ್ಗವನ್ನು ಈಗಿನವರು ಕಂಡಿದ್ದರೆ ಕಾಲುದಾರಿ ಎಂದುಕೊಳ್ಳುತ್ತಿದ್ದರು. ನಡುವೆ ಒಂದು ಲಾರಿ ಹೋಗುವಷ್ಟು ಅಗಲಕ್ಕೆ ಖಡಿ, ಅಂದರೆ ಜಲ್ಲಿಕಲ್ಲು, ಬಡಿದಿದ್ದರು. ಎರಡೂ ಬದಿಗೆ ಎರೆಮಣ್ಣು. ಖಡಿಯ ಮೇಲೆ ಯಾರಿರಬೇಕು, ಮಣ್ಣಿಗೆ ಯಾರಿಳಿಯಬೇಕು ಎಂಬುದಕ್ಕೆ ಒಂದು ಸಂವಿಧಾನವಿತ್ತು. ದಿಲ್ಲಿಯಲ್ಲಿ ದೊಡ್ಡವರು ಕೂತು ಇನ್ನೊಂದನ್ನು ಬರೆಯುತ್ತಿದ್ದರು. ನಮ್ಮದು ಬರೆಯದೆಯೇ ಜಾರಿಯಲ್ಲಿತ್ತು. ಲಾರಿ ಬಂದರೆ ಬಂಡಿ ಇಳಿಯಬೇಕು. ಬಂಡಿ ಬಂದರೆ ಸೈಕಲ್ ಇಳಿಯಬೇಕು, ಏಕೆಂದರೆ ಬಂಡಿ ಹೊಡೆಯುವವನು ನಿದ್ದೆ ಮಾಡುತ್ತಿರುತ್ತಾನೆ, ಎತ್ತುಗಳಿಗೆ ಸಂವಿಧಾನ ಗೊತ್ತಿಲ್ಲ. ಎಮ್ಮೆ ಬಂದರೂ ಸೈಕಲ್ಲೇ ಇಳಿಯಬೇಕು. ಸೈಕಲ್ಲಿಗಾಗಿ ಮಣ್ಣಿಗೆ ಇಳಿಯುವ ಜೀವ ಮಾತ್ರ ಆ ರಸ್ತೆಯಲ್ಲಿ ಹುಟ್ಟಿರಲಿಲ್ಲ.

ಮಳೆಗಾಲದಲ್ಲಿ ಒಂದು ಸಲ ಎರೆಮಣ್ಣಿಗೆ ಇಳಿದರೆ ಮುಗಿಯಿತು. ಚಕ್ರಕ್ಕೆ ಅಂಟಿದ ಮಣ್ಣು ಮಡ್‌ಗಾರ್ಡಿನೊಳಗೆ ಹೋಗಿ ಗಟ್ಟಿಯಾಗಿ, ಸೈಕಲ್ ಹಟಮಾರಿ ಕತ್ತೆಯ ಹಾಗೆ ನಿಂತುಬಿಡುತ್ತಿತ್ತು. ಜಾಲಿಯ ಕಡ್ಡಿ ಮುರಿದುಕೊಂಡು ಮಣ್ಣು ಕೆರೆದು ತೆಗೆಯಬೇಕು. ಆ ಜಾಲಿಯ ಮುಳ್ಳೇ ಮುಂದಿನ ಚಕ್ರದ ಗಾಳಿ ತೆಗೆದಿರುತ್ತಿತ್ತು. ಶಾಲೆಗೆ ಹೋಗುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತಿತ್ತು. ನನ್ನ ಪ್ರಾರ್ಥನೆ ದಾರಿಯಲ್ಲೇ ಆಗುತ್ತಿತ್ತು, ಅದನ್ನು ಮಕ್ಕಳ ಮುಂದೆ ಹೇಳುವಂತಿರಲಿಲ್ಲ.

ನಾವು ಮೂವರು ಜೊತೆಗೆ ಹೋಗುತ್ತಿದ್ದೆವು. ಒಬ್ಬ ಶರಣಪ್ಪ, ಹುಮನಾಬಾದಿನ ಗಂಜ್‌ನಲ್ಲಿ ಧಾನ್ಯ ತೂಗುವ ಕೆಲಸದವನು, ಬಾಯಿ ಸುಮ್ಮನಿರದ ಹುಡುಗಾಟದ ಮನುಷ್ಯ. ಇನ್ನೊಬ್ಬರು ಮೌಲಾಸಾಬರು, ದರ್ಜಿ. ಬಾಜಾರಿನ ಕಟ್ಟೆಯ ಮೇಲೆ ಅವರದೊಂದು ಹೊಲಿಗೆ ಮಷೀನು. ನಮ್ಮಿಬ್ಬರಿಗಿಂತ ಹಿರಿಯರು, ಮಾತು ಕಡಿಮೆ. ಹಿಂದಿನ ವರ್ಷ ರಾಜ್ಯ ಬದಲಾಗುವಾಗ ನಮ್ಮ ಕಡೆ ಊರೂರಿನಲ್ಲಿ ಅವರ ಮಂದಿಗೆ ಆದದ್ದನ್ನು ಕಂಡ ಮೇಲೆ ಅವರ ಮಾತು ಇನ್ನೂ ಕಡಿಮೆಯಾಗಿತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಸೈಕಲ್ಲಿನ ಮಾತಿಗೆ ಜಾಗ ಉಳಿಯುವುದಿಲ್ಲ.

ಇನ್ನು ಹಾರನ್ನಿನ ಚರಿತ್ರೆ. ನಮ್ಮ ಭಾಗದಲ್ಲಿ ಒಬ್ಬ ಜಾಗೀರದಾರರಿದ್ದರು. ಹೆಸರು ಬೇಡ, ಮೊಮ್ಮಕ್ಕಳು ಒಳ್ಳೆಯವರು. ಅವರಿಗೊಂದು ಮೋಟಾರಿತ್ತು, ಅದರ ಪಕ್ಕದಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಹಿತ್ತಾಳೆಯ ಹಾರನ್. ದನಿ ಮೊದಲು ಎಮ್ಮೆ ಕರೆದ ಹಾಗೆ, ಕೊನೆಗೆ ಅದರ ಬಾಲ ತುಳಿದ ಹಾಗೆ. ಅದು ಕೇಳಿತೆಂದರೆ ಸೈಕಲ್ ಮೇಲಿದ್ದವನು ಎಡಕ್ಕೆ ಇಳಿದು, ಖಡಿ ಬಿಟ್ಟು ಮಣ್ಣಿನಲ್ಲಿ ನಿಂತು, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯಲ್ಲಿ ಸಲಾಮು ಮಾಡಿ, ಧೂಳು ಕೂರುವ ತನಕ ನೆಲ ನೋಡುತ್ತಿರಬೇಕು. ಇಳಿಯದವನ ಸೈಕಲ್ಲಿನ ಗಾಳಿ ತಡೆಯುವ ಎರಡೂ ವಾಲ್‌ಟ್ಯೂಬು ಕಿತ್ತು ಹೊಲಕ್ಕೆ ಎಸೆಯುತ್ತಿದ್ದರು. ಒಂದು ದಿನ ಎದುರು ಗಾಳಿಯಿದ್ದು ಮೌಲಾಸಾಬರಿಗೆ ಹಾರನ್ ಕೇಳಿಸಲಿಲ್ಲ. ಊರವರ ಬಟ್ಟೆಯ ಗಂಟು ಹೊತ್ತ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದರು. ಆಮೇಲೆ ಅವರ ಕಿವಿ ಬಹಳ ಚುರುಕಾಯಿತು. ನಮ್ಮೆಲ್ಲರ ಕಿವಿಯೂ ಹೀಗೆಯೇ ಚುರುಕಾದದ್ದು.

ಜಾಗೀರದಾರರ ದರ್ಬಾರು ಹೋಯಿತು. ಮೋಟಾರನ್ನು ಬಿಚ್ಚಿ ಮಾರಿದರು. ಅದರ ಹಿಂದಿನ ಸೀಟು ಕಲ್ಯಾಣಿಯ ಒಂದು ಕ್ಷೌರದಂಗಡಿ ಸೇರಿತು. ಯಾವ ಸೀಟಿಗೆ ಸಲಾಮು ಮಾಡುತ್ತಿದ್ದೆವೋ ಅದರ ಮೇಲೆ ಕೂತು ನಾವೇ ಗಡ್ಡ ಕೆರೆಸಿಕೊಂಡೆವು. ಸ್ವಾತಂತ್ರ್ಯ ಬಂತೆಂದು ನಾನು ನಂಬಿದ್ದು ಆ ದಿನ. ಆದರೆ ಹಾರನ್ ಎಲ್ಲಿ ಹೋಯಿತೆಂದು ವಿಚಾರಿಸುವ ಬುದ್ಧಿ ಯಾರಿಗೂ ಬರಲಿಲ್ಲ.

ಆಷಾಢದ ಒಂದು ಬೆಳಗ್ಗೆ ಹುಮನಾಬಾದಿನ ಕಡೆ ಹೋಗುತ್ತಿದ್ದೆವು. ಹಿಂದಿನಿಂದ ಅದೇ ಎಮ್ಮೆ, ಅದೇ ಬಾಲ. ಮೂವರೂ ಇಳಿದೆವು. ಮೂವರೂ ಕೆಸರಿನಲ್ಲಿ ನಿಂತೆವು. ಮೂರು ಬಲಗೈ ಹಣೆಗೆ ಹೋದವು. ಪಕ್ಕದಲ್ಲಿ ಹಾದುಹೋದದ್ದು ಒಂದು ಲಾರಿ. ಮೇಲೆ ಚೀಲ, ಚೀಲದ ಮೇಲೆ ಎರಡು ಆಡು ನಿಂತು ನಮ್ಮನ್ನು ನೋಡುತ್ತಿದ್ದವು.

ಕೈಗಳು ಒಂದೊಂದಾಗಿ ಕೆಳಗೆ ಬಂದವು. ಕೊನೆಗೆ ಶರಣಪ್ಪನೇ ಕೇಳಿದ.

"ಮಾಸ್ತರ, ನಾವೀಗ ಸಲಾಮ ಹೊಡದದ್ದು ಯಾರಿಗ್ರಿ?"

"ಚೀಲದಾಗ ಏನಿತ್ತೋ ಅದಕ್ಕ."

"ಉಳ್ಳಾಗಡ್ಡಿ ವಾಸನಿ ಬಂತಲ್ರಿ."

"ಹಂಗಾರ ಉಳ್ಳಾಗಡ್ಡಿ ಸಾಹೇಬರಿಗೆ."

"ಆಡಿಗೆ ಅಂತೂ ಅಲ್ಲಲ್ರಿ? ಆಡಿಗೆ ಆಗಿದ್ರ ನಮ್ಮ ಮನ್ಯಾಗ ಹೇಳೂದು ಕಠಿಣ ಆಗ್ತದ," ಎಂದ ಶರಣಪ್ಪ.

ಮೌಲಾಸಾಬರು ಚಪ್ಪಲಿಯ ಕೆಸರು ಒರೆಸುತ್ತಾ, "ನಗಬ್ಯಾಡ್ರಿ. ಹೊಡದವಂಗ ಗೊತ್ತದ, ನಾವು ಇಳೀತೀವಂತ. ಅದಕ್ಕs ಹಚ್ಚ್ಯಾನ ಅದನ್ನ," ಎಂದರು.

ಅದು ನಿಜವೇ ಆಗಿತ್ತು. ಲಾರಿಯ ಡ್ರೈವರು ನರಸಿಂಗ, ಕಲ್ಯಾಣಿಯಿಂದ ಗಂಜ್‌ಗೆ ಮಾಲು ತರುವವನು. ಆ ಹಾರನ್ ಹೊಡೆದರೆ ರಸ್ತೆ ಎಷ್ಟು ಚೆನ್ನಾಗಿ ತೆರವಾಗುತ್ತದೆಂದು ಅವನಿಗೆ ಒಂದೇ ದಿನದಲ್ಲಿ ಖಾತ್ರಿಯಾಯಿತು. ಅಂದು ಸಂಜೆ ನಾವು ಮೂವರೂ ಇನ್ನು ಮೇಲೆ ಇಳಿಯಬಾರದೆಂದು ಗಂಭೀರವಾದ ಠರಾವು ಮಾಡಿದೆವು. ಮರುದಿನ ಬೆಳಗ್ಗೆ ಹಾರನ್ ಕೇಳಿತು, ಇಳಿದೆವು. ನಿಜಾಮರ ಸೈನ್ಯ ಶರಣಾಗಿ ವರ್ಷವಾಗುತ್ತ ಬಂದಿತ್ತು, ನನ್ನ ಎಡಗಾಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ತಲೆ ಬೇಡವೆನ್ನುವ ಹೊತ್ತಿಗೆ ಕಾಲು ಮಣ್ಣಿನಲ್ಲಿರುತ್ತಿತ್ತು. ಸಲಾಮು ಮಾಡುವುದನ್ನು ಮಾತ್ರ ಬಹಳ ಕಷ್ಟಪಟ್ಟು ಬಿಟ್ಟೆವು. ಅದೇ ನಮ್ಮ ಕ್ರಾಂತಿ.

ಶ್ರಾವಣದಲ್ಲಿ ರಸ್ತೆ ದುರಸ್ತಿಗೆಂದು ಬಲಬದಿಗೆ ಕಾಲುವೆ ತೋಡಿ, ಎಡಬದಿಗೆ ಉದ್ದಕ್ಕೂ ಖಡಿ ರಾಶಿ ಹಾಕಿದರು. ಹಾಕಿದವರು ಹೋದರು. ದುರಸ್ತಿ ಮಾಡುವವರು ಬರಲಿಲ್ಲ. ಮಣ್ಣಿಗೆ ಇಳಿಯುವ ನಮ್ಮ ಹಕ್ಕೂ ಹೀಗೆ ಹೋಯಿತು. ಒಂದು ಮುಂಜಾನೆ, ಜಿಟಿಜಿಟಿ ಮಳೆ. ಊರು ದಾಟಿ ಸ್ವಲ್ಪ ಮುಂದೆ ಹೋಗಿದ್ದೆವು. ಹಾರನ್ ಬಂತು. ಶರಣಪ್ಪ ಮತ್ತು ನಾನು ಎರಡು ರಾಶಿಗಳ ನಡುವಿನ ಸಂದಿಯಲ್ಲಿ ಇಳಿದೆವು. ಮುಂದಿದ್ದ ಮೌಲಾಸಾಬರಿಗೆ ಸಂದಿ ಸಿಗಲಿಲ್ಲ. ರಾಶಿಯ ಮೇಲೆಯೇ ಎಡಗಾಲಿಟ್ಟು ಇಳಿದರು. ತೊಯ್ದ ಕಲ್ಲು ಜಾರಿತು. ಅವರು ಕಲ್ಲಿನ ಮೇಲೆ ಬಿದ್ದರು, ಸೈಕಲ್ ರಸ್ತೆಗೆ ಬಿತ್ತು. ಲಾರಿಯ ಹಿಂದಿನ ಗಾಲಿ ಸೈಕಲ್ಲಿನ ಮುಂದಿನ ಚಕ್ರ ಹತ್ತಿತು. ಸೈಕಲ್ ತಿರುಗಿ ಎದ್ದು, ಅದರ ಕಬ್ಬಿಣದ ದಂಡ ಅವರ ಎಡಗಡೆಯ ಮೊಣಕಾಲನ್ನು ಕಲ್ಲಿಗೆ ಹಾಕಿ ಜಜ್ಜಿತು.

ಲಾರಿ ನಿಲ್ಲಲಿಲ್ಲ. ದೂರ ಹೋಗಿ ಇನ್ನೊಂದು ಸಲ ಹಾರನ್ ಹೊಡೆಯಿತು. ಮುಂದೆ ಇನ್ನಾರೋ ಇಳಿಯುವವರಿದ್ದರು.

ಹಿಂದೆ ಬಂದ ಒಂದು ಬಂಡಿಯಲ್ಲಿ ಅವರನ್ನು ಮಲಗಿಸಿ ಹುಮನಾಬಾದಿಗೆ ಒಯ್ದೆವು. ದಾರಿಯಲ್ಲಿ ಅವರು ಒಂದೇ ಮಾತು ಕೇಳಿದರು. "ಕ್ಯಾರಿಯರ್ ಮ್ಯಾಲ ಪಾಟೀಲರ ಮಗನ ಲಗ್ನದ ಶೆರವಾನಿ ಇತ್ತು. ಕೆಸರಾಗ್ಯಾದೇನ್ರಿ?" ಕೆಸರಾಗಿತ್ತು. ಆಗಿಲ್ಲ ಎಂದೆ. ಡಾಕ್ಟರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಕಾಲು ಉಳಿಯಿತು, ಮಡಿಚುವುದು ಉಳಿಯಲಿಲ್ಲ. ಸೊಂಟದಿಂದ ಹಿಮ್ಮಡಿಯ ತನಕ ಒಂದೇ ಕೋಲು.

ಫಿರ್ಯಾದು ಕೊಡೋಣವೆಂದರೆ ಮೌಲಾಸಾಬರು ಒಪ್ಪಲಿಲ್ಲ. "ಮಾಸ್ತರ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಒಂದು ಕಾಲು ಮಡಚಾಕ ಬರಂಗಿಲ್ಲ ಅಷ್ಟ. ಈ ವರ್ಷ ನನ್ನ ಹೆಸರು ಯಾ ಠಾಣ್ಯಾಗೂ ಬರೂದು ಬ್ಯಾಡ." ಯಾಕೆಂದು ನಾನು ಕೇಳಲಿಲ್ಲ. ಕೇಳುವ ವರ್ಷವಲ್ಲ ಅದು.

ಅವರ ಹೆಸರು ಬೇಡ, ನಮ್ಮ ಹೆಸರಿನಲ್ಲೇ ಹೋಗೋಣವೆಂದು ಶರಣಪ್ಪನೂ ನಾನೂ ಹೊರಟೆವು. ಯಾವ ಠಾಣೆಗಳೆಂದು ಹೇಳುವುದಿಲ್ಲ. ಮೊದಲನೆಯ ಠಾಣೆಯ ಅಮೀನರು, ಅಂದರೆ ಆಗಿನ ಫೌಜದಾರರು, ಜಾಗ ಯಾವುದೆಂದು ಕೇಳಿ, ಆ ಖಡಿ ರಾಶಿ ತಮ್ಮ ಸರಹದ್ದಿನಲ್ಲಿ ಬರುವುದಿಲ್ಲವೆಂದು ಸಂತೋಷದಿಂದ ತಿಳಿಸಿದರು. ಎರಡನೆಯ ಠಾಣೆಯ ಅಮೀನರು ಹೊಸಬರು, ಕಾನೂನು ಓದಿದವರು. ಕೂರಿಸಿ ವಿಚಾರಿಸಿದರು.

"ಲಾರಿ ಹಾಯ್ದದ್ದು ಮನಷ್ಯಾನ ಮ್ಯಾಲೋ, ಸೈಕಲ್ ಮ್ಯಾಲೋ?"

"ಸೈಕಲ್ ಮ್ಯಾಲ್ರಿ. ಸೈಕಲ್ ಎದ್ದು ಕಾಲಿಗೆ ಬಡೀತು."

"ಅಂದ್ರ ಕಾಲು ಮುರದದ್ದು ಸೈಕಲ್ಲು. ಅದು ಯಾರದು?"

"ಅವರದs ರಿ."

"ಆಗ ಅವ ಸೈಕಲ್ ಹೊಡ್ಯಾಕತ್ತಿದ್ನೇನು?"

"ಇಲ್ರಿ, ಇಳದಿದ್ರು."

"ಯಾಕ ಇಳದ?"

"ಹಾರನ್ ಹೊಡದ್ನಲ್ರಿ ಲಾರಿಯವ."

"ಹಾರನ್ ಹೊಡದ್ರ ಇಳೀಬೇಕಂತ ಯಾ ಕಾನೂನಿನ್ಯಾಗ ಅದ, ಮಾಸ್ತರ? ಲಾರಿಗೆ ಹಾರನ್ ಇರಬೇಕು, ಇತ್ತು. ಹೊಡೀಬೇಕು, ಹೊಡದ. ನಿಮ್ಮ ಮನಷ್ಯಾ ತಾನs ಇಳದು ತಾನs ಬಿದ್ದಾನ."

ಇದಕ್ಕೆ ಉತ್ತರವೆಂದರೆ ವಾಲ್‌ಟ್ಯೂಬಿನಿಂದ ಶುರು ಮಾಡಿ ಉಳ್ಳಾಗಡ್ಡಿ ಸಾಹೇಬರ ತನಕ ಎಲ್ಲ ಹೇಳಬೇಕಾಗಿತ್ತು. ಅವರಿಗೆ ಅಷ್ಟು ವ್ಯವಧಾನವಿರಲಿಲ್ಲ. ಕಿಟಕಿಯಿಂದ ಹೊರಗೆ ನೋಡಿ, "ಆ ಸೈಕಲ್ ನಿಮ್ಮದೇನು? ಅದಕ್ಕ ಗಂಟಿ ಎಲ್ಲದ?" ಎಂದರು. ಗಂಟೆ ಇರಲಿಲ್ಲ. ಗಂಟೆ ಹಚ್ಚುವ ತನಕ ನನ್ನ ಸೈಕಲ್ ಠಾಣೆಯಲ್ಲಿಯೇ ಇರಲೆಂದು ಅಪ್ಪಣೆಯಾಯಿತು. ಒಂದು ಕಾಲು ಮುರಿದ ಪ್ರಕರಣದಲ್ಲಿ ಸರ್ಕಾರ ಹಿಡಿದ ಏಕಮಾತ್ರ ಆರೋಪಿ ನನ್ನ ಸೈಕಲ್. ನಾನು ಶರಣಪ್ಪನ ಕ್ಯಾರಿಯರಿನ ಮೇಲೆ ಕೂತು ಊರಿಗೆ ಬಂದೆ. ಅದೂ ಅಪರಾಧವೇ. ಅವತ್ತು ಬೇಕೆಂದೇ ಮಾಡಿದೆ.

ಗಂಟೆ ಹಚ್ಚಿಸಿ ಸೈಕಲ್ ಬಿಡಿಸಿಕೊಂಡ ಕೆಲವು ದಿನಗಳ ಮೇಲೆ ಗಂಜ್‌ನಲ್ಲಿ ನರಸಿಂಗ ಎದುರಾದ. ಲಾರಿಯ ಬಾನೆಟ್ ಒರೆಸುತ್ತಿದ್ದ. ಹಾರನ್ನಿಗೆ ಹುಣಸೆಹಣ್ಣು ತಿಕ್ಕಿ ಹೊಳಪು ಬರಿಸಿದ್ದ. ನಾನು ಮಾಸ್ತರಿಕೆಯ ದನಿಯಲ್ಲಿ ಶುರು ಮಾಡಿದೆ.

"ಒಬ್ಬ ಮನಷ್ಯಾನ ಕಾಲು ಹೋತಲ್ಲೋ. ಒಂದು ಸಲ ಹಿಂದ ತಿರಗಿ ನೋಡಬಾರದಾ?"

"ನಾ ಬರೇ ಹಾರನ್ ಹೊಡದೀನ್ರಿ, ಮಾಸ್ತರ. ಇಳೀರಿ ಅಂತ ಅಂದಿಲ್ಲ."

"ಎಲ್ಲಾ ಲಾರಿಗೂ ಹಾರನ್ ಅದ. ಇದನ್ನs ಯಾಕ ಹಚ್ಚೀದಿ?"

ಅವನು ಬಟ್ಟೆ ಹಿಂಡಿದ. ಅವನ ಮುಖದಲ್ಲಿದ್ದದ್ದು ಸೊಕ್ಕು ಎಂದೇ ನಾನು ತಿಳಿದಿದ್ದೆ.

"ಆ ಮೋಟಾರು ದಿನಾ ತೊಳೀತಿದ್ದವ ನಾನs ರಿ. ಇದಕ್ಕ ಹೊಳಪು ಕೊಡ್ತಿದ್ದವ ನಾನು. ಮೋಟಾರು ಗೇಟು ದಾಟೂ ಮುಂದ ಗೇಟಿನ್ಯಾಗ ನಿಂತು ಸಲಾಮ ಹೊಡೀತಿದ್ದವನೂ ನಾನು. ಒಂದಿನ ಅದರಾಗ ಕುಂತಿಲ್ಲ. ಈಗ ಇದನ್ನ ನಾನs ಒತ್ತಿದ್ರ ಊರ ಮಂದಿ ಇಳೀತದ. ಎಷ್ಟ ದಿನ ಇಳೀತದೋ ಇಳೀಲಿ ಬಿಡ್ರಿ."

ಈ ಮಾತು ಕೇಳಿ ನನ್ನ ಸಿಟ್ಟು ಕರಗಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಕರಗಲಿಲ್ಲ. ಅವನು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು, ಅರ್ಥವಾದದ್ದಕ್ಕೆ ಇನ್ನೂ ಹೆಚ್ಚಾಯಿತು. ದೊರೆಯನ್ನಾದರೆ ಮನಸ್ಸಿನಲ್ಲಿಯೇ ಬೈದು ಮುಗಿಸಬಹುದಿತ್ತು. ಗೇಟಿನಲ್ಲಿ ನಿಂತಿದ್ದವನು ತನ್ನ ಹಾಗೆ ಸಲಾಮು ಹೊಡೆದವರನ್ನೇ ಮಣ್ಣಿಗೆ ಇಳಿಸುತ್ತಿದ್ದರೆ ಯಾರನ್ನು ಬೈಯುವುದು? ಶರಣಪ್ಪ ಮಾತ್ರ, "ಅಂವನ ಹಾರನ್ನಿನ್ಯಾಗ ಒಂದು ಗೇಣು ಬಟ್ಟಿ ತುರಕಿ ಬರ್ತೀನ್ರಿ," ಎಂದು ಎರಡು ಸಲ ಹೊರಟ. ನಾನೇ ಹಿಡಿದು ತಂದೆ.

ಅತ್ತ ಮೌಲಾಸಾಬರ ಮನೆಯಲ್ಲಿ ಒಲೆಯ ಪ್ರಶ್ನೆ. ಮಷೀನು ಇದ್ದದ್ದು ಹುಮನಾಬಾದಿನಲ್ಲಿ, ಹೊಲಿಸುವವರು ಇದ್ದದ್ದೂ ಅಲ್ಲಿಯೇ. ರಾಜೇಶ್ವರದಲ್ಲಿ ಹಬ್ಬಕ್ಕೊಂದು ಅಂಗಿ ಹೊಲಿಸುವವರೇ ಸಾಹುಕಾರರು. ಬಸ್ಸು ಒಂದಿತ್ತು. ಅದು ಬರುವ ಹೊತ್ತು ಅದರ ಡ್ರೈವರಿಗೂ ತಿಳಿದಿರಲಿಲ್ಲ. ಅಂಗಡಿಗೆ ಹೋಗದಿದ್ದರೆ ಕಟ್ಟೆಯ ಆ ಜಾಗವನ್ನು ಇನ್ನೊಬ್ಬ ದರ್ಜಿ ಹಿಡಿಯಲು ಕಾದಿದ್ದ. ಬಲಗಾಲೊಂದರಲ್ಲಿ ಮಷೀನು ತುಳಿಯಬಹುದಿತ್ತು. ಅಲ್ಲಿಗೆ ಮುಟ್ಟುವುದು ಹೇಗೆ?

ಚಳಿಗಾಲ ಬರುವ ಹೊತ್ತಿಗೆ ಅವರೇ ದಾರಿ ಕಂಡುಕೊಂಡರು. ಕಮ್ಮಾರನು ಸೈಕಲ್ಲನ್ನು ನೆಟ್ಟಗೆ ಮಾಡಿ, ಎಡಗಡೆಯ ಪೆಡಲ್ ತೆಗೆದು, ಮುಂದಿನ ಚಕ್ರದ ಹತ್ತಿರ ಕಾಲು ಚಾಚಿ ಇಡಲು ಒಂದು ಕಬ್ಬಿಣದ ಕೊಕ್ಕೆ ಹಚ್ಚಿಕೊಟ್ಟ. ಬಲಗಾಲಿಗೆ ಮೌಲಾಸಾಬರು ತಾವೇ ದಪ್ಪ ಕ್ಯಾನ್ವಾಸಿನ ಪಟ್ಟಿ ಹೊಲಿದು ಪಾದವನ್ನು ಪೆಡಲಿಗೆ ಬಿಗಿದುಕೊಂಡರು. ಒಂದೇ ಕಾಲಿನಿಂದ ತುಳಿದು, ಅದೇ ಕಾಲಿನಿಂದ ಮೇಲಕ್ಕೆ ಎಳೆಯುವುದು. ಹತ್ತುವಾಗ ಮನೆಯ ಮುಂದಿನ ಜಗುಲಿ ಹಿಡಿಯಬೇಕು, ಇಳಿಯುವಾಗ ಅಂಗಡಿಯ ಕಟ್ಟೆ ಹಿಡಿಯಬೇಕು. ನಡುವೆ ಎಲ್ಲಿಯೂ ಇಳಿಯುವಂತಿಲ್ಲ. ಎಡಗಾಲು ನೆಲಕ್ಕೆ ಊರುವುದಿಲ್ಲ, ಬಲಗಾಲು ಬಿಚ್ಚುವುದಿಲ್ಲ. ರಸ್ತೆಯ ಅಂಚು ಕಿತ್ತುಹೋಗಿದ್ದರಿಂದ ಅಂಚಿನಲ್ಲಿಯೂ ಹೋಗುವಂತಿಲ್ಲ, ತೂಕ ತಪ್ಪುತ್ತಿತ್ತು. ಖಡಿಯ ನಟ್ಟನಡುವೆಯೇ ಹೋಗಬೇಕು.

ಮೊದಲನೆಯ ದಿನ ಹೊರಡುವಾಗ ಅವರ ಹೆಂಡತಿ ಹುಸೇನಬಿ ಬಾಗಿಲ ಮರೆಯಿಂದ ನನ್ನನ್ನು ಕರೆದರು. "ಮಾಸ್ತರ, ಅದರ ಹಾರನ್ ಬಂದ್ರ ಇವ್ರು ಹ್ಯಾಂಗ ಇಳೀತಾರ್ರಿ?"

ನಾನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಉತ್ತರ ಹುಡುಕಿ, "ನಾವಿಬ್ರೂ ಹಿಂದs ಇರ್ತೀವಿ, ಬಾಯಿ," ಎಂದೆ. ಹಿಂದೆ ಇದ್ದರೆ ಏನು ಮಾಡಬಲ್ಲೆವು ಎಂದು ಅವರು ಕೇಳಲಿಲ್ಲ. ಅದು ಅವರ ದೊಡ್ಡತನ.

ಮೌಲಾಸಾಬರು ಮುಂದೆ, ನಾವಿಬ್ಬರು ಹಿಂದೆ. ಒಂದೇ ಕಾಲಿನ ತುಳಿತಕ್ಕೆ ಸೈಕಲ್ ಎಳೆದೆಳೆದು, ಬಿಟ್ಟುಬಿಟ್ಟು ಹೋಗುತ್ತಿತ್ತು. ಎರಡೂ ಬದಿಗೆ ಕಡಲೆಯ ಹೊಲ, ಇಬ್ಬನಿ. ಖಡಿ ರಾಶಿಗಳು ಹಾಗೆಯೇ ಇದ್ದವು, ಅವುಗಳ ಮೇಲೆ ಹುಲ್ಲು ಬಂದಿತ್ತು. ಅವರು ಬಿದ್ದ ಜಾಗ ದಾಟಿದೆವು. ಅವರು ಆ ಕಡೆ ನೋಡಲಿಲ್ಲ. ನಾನು ನೋಡಿದೆ. ಇನ್ನೂ ಸ್ವಲ್ಪ ಮುಂದೆ ಹೋಗಿದ್ದೆವು, ಹಿಂದಿನಿಂದ ಎಮ್ಮೆ ಕರೆಯಿತು.

ನನ್ನ ಎಡಗಾಲು ಪೆಡಲ್ ಬಿಟ್ಟಿತು. ಗಾಳಿಯಲ್ಲಿ ನೆಲ ಹುಡುಕಿತು. ಮುಂದೆ ಮೌಲಾಸಾಬರ ಬೆನ್ನು ಇತ್ತು, ಅದು ಅಲುಗಲಿಲ್ಲ. ಅವರ ಎರಡೂ ಭುಜ ಕಿವಿಯ ತನಕ ಏರಿದ್ದವು, ಅಷ್ಟೇ. ಹೆದರಿಕೆ ನಮಗೆಲ್ಲರಿಗಿಂತ ಅವರಿಗೇ ಹೆಚ್ಚಾಗಿತ್ತು. ಇಳಿಯುವ ಅನುಕೂಲ ಅವರಿಗಿರಲಿಲ್ಲ. ನಾನು ಕಾಲನ್ನು ಮತ್ತೆ ಪೆಡಲಿನ ಮೇಲೆ ಇಟ್ಟೆ. ಅಷ್ಟು ಭಾರವಾದ ಕೆಲಸವನ್ನು ನಾನು ಆಮೇಲೆ ಮಾಡಿಲ್ಲ. ಪಕ್ಕದಲ್ಲಿ ಶರಣಪ್ಪ ಹಲ್ಲು ಕಚ್ಚಿಕೊಂಡು, "ಕಾಲs, ಸುಮ್ಮ ಇರು, ಸುಮ್ಮ ಇರು," ಎಂದು ತನ್ನ ಕಾಲನ್ನು ಎತ್ತಿಗೆ ಹೇಳುವ ಹಾಗೆ ಗದರಿಸುತ್ತಿದ್ದ.

ಹಾರನ್ ಹತ್ತಿರ ಬಂತು. ಇನ್ನೊಂದು ಸಲ, ಮತ್ತೊಂದು ಸಲ. ಇಂಜಿನ್ನಿನ ಬಿಸಿ ಬೆನ್ನಿಗೆ ತಾಗಿತು. ನರಸಿಂಗ ತಲೆ ಹೊರಗೆ ಹಾಕಿ ಕೂಗಿದ.

"ಏ ಇಳೀರ್ಯೋ! ಕಿವಿ ಇಲ್ಲೇನ್ ನಿಮಗ? ಇಳೀರಿ!"

ಮೌಲಾಸಾಬರು ತಿರುಗಿ ನೋಡಲಿಲ್ಲ. ತಿರುಗಿದರೆ ಬೀಳುತ್ತಿದ್ದರು. ಮುಂದೆ ನೋಡುತ್ತಲೇ, ನಾನು ಅವರ ಬಾಯಲ್ಲಿ ಎಂದೂ ಕೇಳದಷ್ಟು ದೊಡ್ಡ ದನಿಯಲ್ಲಿ ಹೇಳಿದರು.

"ಇಳ್ಯಾಕ ಬರಂಗಿಲ್ಲಪಾ ನನಗ! ಇಳಿಯೂ ಕಾಲು ನೀನs ಒಯ್ದೀದಿ! ನಿನ್ನ ಗಾಡಿಗಿ ಅವಲ್ಲ ನಾಕ್ ಗಾಲಿ, ನೀ ಇಳಿ!"

ಹಾರನ್ ನಿಂತಿತು. ಲಾರಿ ನಮ್ಮ ಹಿಂದೆ ಹೆಣದ ಹಿಂದಿನ ಮೆರವಣಿಗೆಯ ಹಾಗೆ ಬರತೊಡಗಿತು. ಎಷ್ಟು ಹೊತ್ತು ಹಾಗೆ ಹೋದೆವೋ ತಿಳಿಯದು. ಅವನು ಒಂದು ಸಲ ಕಾಲು ಒತ್ತಿದ್ದರೆ ಮೂವರ ಕಥೆಯೂ ಮುಗಿದು, ಯಾವುದೋ ಅಮೀನರು ನಮ್ಮ ಸೈಕಲ್ಲುಗಳನ್ನು ದಸ್ತಗಿರಿ ಮಾಡುತ್ತಿದ್ದರು. ಒತ್ತಲಿಲ್ಲ. ಖಡಿ ರಾಶಿ ಮುಗಿದ ಕಡೆ ಲಾರಿ ಎಡಕ್ಕೆ ಹೊರಳಿ, ಖಡಿ ಬಿಟ್ಟು, ಮಣ್ಣಿಗೆ ಇಳಿಯಿತು. ಚೀಲಗಳ ಸಮೇತ ವಾಲಾಡುತ್ತಾ, ಕಿರುಗುಟ್ಟುತ್ತಾ ನಮ್ಮನ್ನು ದಾಟಿ ಮತ್ತೆ ರಸ್ತೆಗೆ ಹತ್ತಿ ಹೋಯಿತು. ದಾಟುವಾಗ ನರಸಿಂಗ ನಮ್ಮ ಕಡೆ ನೋಡಲಿಲ್ಲ. ನೆಲ ನೋಡುತ್ತಿದ್ದ.

ಮೌಲಾಸಾಬರ ಭುಜ ನಿಧಾನವಾಗಿ ಕೆಳಗೆ ಬಂದವು.

"ಮಾಸ್ತರ, ಯಾಕ ಹಿಂದ ಉಳದೀರಿ? ಬಾಜೂಕ ಬರ್ರಿ. ರಸ್ತಾ ಭಾಳ ಅಗಲ ಅದ," ಎಂದರು.

ಅಗಲವಿತ್ತು. ಮೂವರೂ ಅಕ್ಕಪಕ್ಕದಲ್ಲಿ ಹೋಗುವಷ್ಟು ಅಗಲವಿತ್ತು, ಮೊದಲಿನಿಂದಲೂ ಇತ್ತು. ನಾನು ಅವರ ಬಲಕ್ಕೆ ಬಂದೆ, ಶರಣಪ್ಪ ಎಡಕ್ಕೆ, ಆ ಚಾಚಿದ ಕಾಲಿನ ಪಕ್ಕಕ್ಕೆ. ಎರಡು ಕಾಲೂ ಸರಿಯಿದ್ದ ನಮಗೆ ಅವರ ಮೊಣಕಾಲು ಉಳಿದಿರುವಾಗಲೇ ಇದನ್ನು ಮಾಡಲು ಏನು ಅಡ್ಡಿಯಿತ್ತೆಂದು ಯೋಚಿಸುತ್ತಾ, ಹಲ್ಲು ಕಡಿಯುತ್ತಾ, ಖಡಿಯ ನಟ್ಟನಡುವೆ ಹುಮನಾಬಾದಿನ ತನಕ ಪೆಡಲ್ ತುಳಿದೆ.